ಇಬ್ರಿಯರಿಗೆ ಬರೆದ ಪತ್ರಿಕೆ: ದಣಿದ ಸಭೆಯೊಂದಕ್ಕೆ ಬಂದ ಪ್ರಸಂಗ

ಹೊಸ ಒಡಂಬಡಿಕೆಯ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ ಕುರಿತು ಬೀದರ್, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕಳಿಸಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸ ಕೂಟಗಳಲ್ಲಿ ತಮ್ಮ ಸಭೆಯವರು ಈ ಪತ್ರಿಕೆಯನ್ನು ಅಧ್ಯಾಯ ಅಧ್ಯಾಯವಾಗಿ ಓದಿದರೆಂದೂ, ಓದುತ್ತಾ ಹೋದಂತೆ ಅರ್ಥವಾದದ್ದಕ್ಕಿಂತ ಸಂದೇಹಗಳೇ ಹೆಚ್ಚಾದವೆಂದೂ ಕೆಲವರು ಬರೆದಿದ್ದಾರೆ. ಅದು ಸಹಜ. ಯಜ್ಞ, ರಕ್ತ, ಮಹಾಯಾಜಕ, ಗುಡಾರ, ತೆರೆ, ಒಡಂಬಡಿಕೆ ಎಂಬ ಮಾತುಗಳನ್ನು ಹುಟ್ಟಿನಿಂದ ಕೇಳಿ ಬೆಳೆದವರಿಗಾಗಿ ಬರೆದ ಪತ್ರಿಕೆ ಇದು. ನಮಗೆ ಆ ಹಿನ್ನೆಲೆಯನ್ನು ಕಲಿತು ಓದಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸಭೆಯ ಹಿರಿಯರು ಇದನ್ನು ಪೌಲನ ಪತ್ರಿಕೆ ಎಂದೇ ಹೇಳುತ್ತಾ ಬಂದಿದ್ದಾರೆ. ದೇವಶಾಸ್ತ್ರ ಓದಿ ಬಂದ ಯುವಕರೊಬ್ಬರು ಪೌಲನು ಇದನ್ನು ಬರೆದಿಲ್ಲ ಎಂದಾಗ ಹಿರಿಯರಿಗೆ ತುಂಬಾ ನೋವಾಯಿತು. ಯಾರ ಮಾತು ಸರಿ?
— ಓದುಗರೊಬ್ಬರು, ಮಂಗಲಪೇಟೆ, ಬೀದರ್

ಉತ್ತರ: ಪತ್ರಿಕೆಯೊಳಗೆ ಬರೆದವರ ಹೆಸರಿಲ್ಲ. ಅಪೊಸ್ತಲ ಪೌಲನ ಹೆಸರಿನಲ್ಲಿರುವ 13 ಪತ್ರಿಕೆಗಳೂ ಅವನ ಹೆಸರಿನಿಂದಲೇ ಆರಂಭವಾಗುತ್ತವೆ. ಇದು ಮಾತ್ರ ಹೆಸರನ್ನಾಗಲಿ ವಂದನೆಯನ್ನಾಗಲಿ ಹೇಳದೆ, ದೇವರು ಪೂರ್ವಕಾಲದಲ್ಲಿ ಪ್ರವಾದಿಗಳ ಮೂಲಕ ಮಾತನಾಡಿ ಈಗ ಮಗನ ಮೂಲಕ ಮಾತನಾಡಿದ್ದಾನೆಂಬ ಘೋಷಣೆಯಿಂದ ತೊಡಗುತ್ತದೆ. ಅದಕ್ಕಿಂತ ಗಟ್ಟಿಯಾದ ಆಧಾರ ಎರಡನೆಯ ಅಧ್ಯಾಯದ ಮೂರನೆಯ ವಚನದಲ್ಲಿದೆ. ರಕ್ಷಣೆಯ ಮಾತನ್ನು ಕರ್ತನು ಮೊದಲು ಸಾರಿದನು, ಅವನಿಂದ ಕೇಳಿದವರು ಅದನ್ನು ನಮಗೆ ಸ್ಥಿರಪಡಿಸಿದರು ಎಂದು ಲೇಖಕ ಅಲ್ಲಿ ಹೇಳುತ್ತಾನೆ. ತನ್ನ ಸುವಾರ್ತೆಯನ್ನು ಯಾವ ಮನುಷ್ಯನಿಂದಲೂ ಪಡೆಯಲಿಲ್ಲ, ಯೇಸು ಕ್ರಿಸ್ತನೇ ಅದನ್ನು ಪ್ರಕಟಿಸಿದನು ಎಂದು ಗಲಾತ್ಯದವರಿಗೆ ಅಷ್ಟು ಬಿರುಸಾಗಿ ಬರೆದ ಪೌಲನು ತನ್ನನ್ನು ಹೀಗೆ ಎರಡನೆಯ ಸಾಲಿನಲ್ಲಿ ಕೂರಿಸಿಕೊಳ್ಳುತ್ತಿದ್ದನೆಂದು ನನಗೆ ಅನಿಸುವುದಿಲ್ಲ.

ಆದರೆ ನಿಮ್ಮ ಹಿರಿಯರು ಆಧಾರವಿಲ್ಲದ ಮಾತನ್ನೇನೂ ಆಡುತ್ತಿಲ್ಲ. ಸುಮಾರು ಕ್ರಿ.ಶ. 200ರ ಕಾಲದ, ಪೌಲನ ಪತ್ರಿಕೆಗಳ ಅತ್ಯಂತ ಹಳೆಯ ಪಪೈರಸ್ ಪ್ರತಿಯಲ್ಲಿ ಇದು ರೋಮಾಪುರದವರಿಗೆ ಬರೆದ ಪತ್ರಿಕೆಯ ಬೆನ್ನಿಗೇ ಇದೆ. ಪೂರ್ವದ ಸಭೆಗಳು ಇದನ್ನು ಪೌಲನದ್ದೆಂದೇ ಎಣಿಸುತ್ತಿದ್ದವು, ಮತ್ತು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಪೌಲನ ಪತ್ರಿಕೆಗಳು 14 ಎಂದು ಬರೆದಾಗ ಇದನ್ನೂ ಸೇರಿಸಿಯೇ ಎಣಿಸಿದ್ದನು. ಕೊನೆಯಲ್ಲಿ ಬರುವ ತಿಮೊಥೆಯ ಹೆಸರೂ ಪೌಲನ ಬಳಗವನ್ನೇ ನೆನಪಿಸುತ್ತದೆ. ಅದೇ ಕಾಲದಲ್ಲಿ ಪಶ್ಚಿಮದ ಸಭೆಗಳು ಹಿಂಜರಿಯುತ್ತಿದ್ದವು. ಉತ್ತರ ಆಫ್ರಿಕದ ಲೇಖಕ ತೆರ್ತುಲಿಯನ್ ಇದು ಪೌಲನ ಸಂಗಡಿಗ ಬಾರ್ನಬನದ್ದು ಎಂದನು. ಮುಂದೆ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಅಪೊಲ್ಲೋಸನ ಹೆಸರನ್ನು ಮುಂದಿಟ್ಟರು. 1900ರಲ್ಲಿ ಜರ್ಮನಿಯ ವಿದ್ವಾಂಸ ಹಾರ್ನಾಕ್, ಅಕ್ವಿಲನ ಪತ್ನಿ ಪ್ರಿಸ್ಕಿಲ್ಲಳೇ ಬರೆದಿರಬಹುದು ಎಂದು ವಾದಿಸಿದರು. ಅಲೆಕ್ಸಾಂಡ್ರಿಯದವನೂ ವಾಕ್ಚತುರನೂ ಶಾಸ್ತ್ರಗಳಲ್ಲಿ ಪ್ರವೀಣನೂ ಆಗಿದ್ದ ಅಪೊಲ್ಲೋಸನ ವರ್ಣನೆ (ಅಪೊಸ್ತಲರ ಕೃತ್ಯಗಳು 18:24) ಈ ಬರಹಗಾರನಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಒಪ್ಪಿದ ಮಾತ್ರಕ್ಕೆ ಅದು ಸಾಕ್ಷ್ಯವಾಗದು. ಇದನ್ನು ಬರೆದವರು ಯಾರೆಂದು ದೇವರೇ ಬಲ್ಲನು ಎಂದು ಮೂರನೆಯ ಶತಮಾನದಲ್ಲಿ ಸಭೆಯ ವಿದ್ವಾಂಸ ಒರಿಗೆನ್ ಹೇಳಿದ ಮಾತನ್ನು ಮೀರಿ ಹೋಗಲು ನಮಗೆ ಇಂದಿಗೂ ದಾರಿ ಸಿಕ್ಕಿಲ್ಲ. ಯುವಕರು ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಪೌಲನದ್ದಲ್ಲ ಎಂದಾದರೆ ಪತ್ರಿಕೆಯ ತೂಕ ಇಳಿಯಿತೆಂದು ಹಿರಿಯರು ಭಾವಿಸಬೇಕಾಗಿಲ್ಲ. ಒರಿಗೆನ್ ಸಹ ಇದರ ವಿಚಾರಗಳು ಅಪೊಸ್ತಲನ ವಿಚಾರಗಳಿಗೆ ಯಾವುದರಲ್ಲೂ ಕಡಿಮೆಯಲ್ಲ ಎಂದೇ ಹೇಳಿದ್ದನು.

ಪ್ರಶ್ನೆ: ಈ ಇಬ್ರಿಯರು ಯಾರು? ಯಾವ ಊರಿನವರು? ಅವರಿಗೆ ಇಷ್ಟು ಉದ್ದದ ಪತ್ರ ಬರೆಯುವ ಅಗತ್ಯವೇನು ಬಂದಿತ್ತು?
— ಓದುಗರೊಬ್ಬರು, ಕಲಬುರಗಿ

ಉತ್ತರ: ‘ಇಬ್ರಿಯರಿಗೆ’ ಎಂಬ ಶೀರ್ಷಿಕೆ ಬಹಳ ಹಳೆಯದಾದರೂ ಪತ್ರಿಕೆಯ ಒಳಗಿನ ಮಾತಲ್ಲ. ಆದರೂ ಅದನ್ನು ಕೊಟ್ಟವರು ತಪ್ಪಿರಲಾರರು. ಮೋಶೆಯ ಶಾಸ್ತ್ರ, ಲೇವಿಯ ಯಾಜಕತ್ವ, ಅರಣ್ಯದಲ್ಲಿ ಪೂರ್ವಿಕರ ದಂಗೆ, ಇವೆಲ್ಲ ಕೇಳುಗರಿಗೆ ಕರತಲಾಮಲಕವೆಂದುಕೊಂಡೇ ಲೇಖಕ ವಾದ ಹೂಡುತ್ತಾನೆ. ಅವನು ಉದ್ಧರಿಸುವುದು ಶಾಸ್ತ್ರಗಳ ಗ್ರೀಕ್ ಅನುವಾದವನ್ನು. ಹಾಗಾಗಿ ಕೇಳುಗರು ಗ್ರೀಕ್ ಆಡುತ್ತಿದ್ದ ಯೆಹೂದ್ಯ ವಿಶ್ವಾಸಿಗಳಾಗಿದ್ದಿರಬೇಕು, ಅವರ ಜೊತೆಗೆ ಸಭಾಮಂದಿರದ ಬೋಧನೆಯಲ್ಲಿ ಪಳಗಿದ ಕೆಲವು ಅನ್ಯಜನರೂ (ಯೆಹೂದ್ಯರಲ್ಲದವರೂ) ಇದ್ದಿರಬಹುದು.

ಊರು ಯಾವುದೆಂಬುದಕ್ಕೆ ಒಂದೇ ಒಂದು ಸುಳಿವು ಸಿಗುತ್ತದೆ: ‘ಇತಾಲ್ಯದವರು ನಿಮ್ಮನ್ನು ವಂದಿಸುತ್ತಾರೆ’ ಎಂಬ ಮಾತು (13:24). ಇತಾಲ್ಯದಿಂದ ಹೊರಗಿದ್ದವರು ತಮ್ಮ ಊರಿಗೆ ಕಳಿಸಿದ ವಂದನೆ ಇದು ಎಂದು ಓದಿದರೆ, ಪತ್ರ ಹೋದದ್ದು ರೋಮಾಪುರದ ಸಭೆಗೆ ಎಂದಾಗುತ್ತದೆ. ಈ ಪತ್ರಿಕೆಯನ್ನು ಮೊದಲು ಬಳಸಿದ ಬರಹವೂ ರೋಮಿನದೇ. ಸುಮಾರು 96ರಲ್ಲಿ ರೋಮಿನ ಕ್ಲೆಮೆಂಟನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇದರ ಮೊದಲ ಅಧ್ಯಾಯದ ಮಾತುಗಳು ಹಾಗೆಯೇ ಕೇಳಿಬರುತ್ತವೆ. ನಾನು ಈ ಅಭಿಪ್ರಾಯದ ಕಡೆಗೇ ವಾಲುತ್ತೇನೆ.

ಅಗತ್ಯವೇನಿತ್ತು ಎಂಬುದೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗ; ಅದಕ್ಕೆ ಉತ್ತರ ಹತ್ತನೆಯ ಅಧ್ಯಾಯದ 32ರಿಂದ 34ರವರೆಗಿನ ವಚನಗಳಲ್ಲಿದೆ. ಈ ಜನ ನಂಬಿದ ಹೊಸದರಲ್ಲಿ ಸಾರ್ವಜನಿಕವಾಗಿ ಅವಮಾನಪಟ್ಟಿದ್ದರು, ಸೆರೆಯಲ್ಲಿದ್ದವರನ್ನು ಕೈಬಿಟ್ಟಿರಲಿಲ್ಲ, ಮನೆಮಠ ಸುಲಿಗೆಯಾದಾಗಲೂ ಸಂತೋಷದಿಂದ ಸಹಿಸಿದ್ದರು. ಚಕ್ರವರ್ತಿ ಕ್ಲೌದ್ಯನು ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ್ದು ಬಹುಮಟ್ಟಿಗೆ 49ರಲ್ಲಿ. ಅಕ್ವಿಲ ಮತ್ತು ಪ್ರಿಸ್ಕಿಲ್ಲರು ಊರುಬಿಟ್ಟು ಕೊರಿಂಥಕ್ಕೆ ಬಂದದ್ದು ಆ ಆಜ್ಞೆಯಿಂದಲೇ. ಸುಲಿಗೆಯ ಮಾತು ಆ ದಿನಗಳನ್ನು ಕುರಿತದ್ದಾಗಿರಬಹುದು. ಅಷ್ಟೆಲ್ಲ ತಾಳಿಕೊಂಡ ಜನ ಈಗ ದಣಿದಿದ್ದಾರೆ. ಕೆಲವರು ಸಭೆ ಕೂಡುವುದನ್ನು ಬಿಟ್ಟಿದ್ದಾರೆ (10:25), ಕೈಗಳು ಜೋತುಬಿದ್ದಿವೆ, ಮೊಣಕಾಲುಗಳು ಕುಸಿಯುತ್ತಿವೆ (12:12), ಬೋಧಕರಾಗಬೇಕಾದ ಕಾಲದಲ್ಲಿ ಮತ್ತೆ ಮೂಲಪಾಠವೇ ಬೇಕಾಗಿದೆ (5:12). ಕರ್ತನ ಬರೋಣ ತಡವಾಗಿತ್ತು, ನೆಂಟರಿಷ್ಟರು ದೂರವಾಗಿದ್ದರು; ರೋಮಿನ ಕಾನೂನು ಯೆಹೂದ್ಯರ ಸಭಾಮಂದಿರಕ್ಕೆ ಕೊಟ್ಟಿದ್ದ ರಕ್ಷಣೆ ಈ ಹೊಸ ಗುಂಪಿಗೆ ಎಷ್ಟರಮಟ್ಟಿಗೆ ಸಿಗುತ್ತದೆಂಬುದೂ ಗೊತ್ತಿರಲಿಲ್ಲ. ಹಿಂದಿರುಗಿ ಹೋಗಲು ಕಾರಣಗಳು ಬೇಕಾದಷ್ಟಿದ್ದವು.

ಅಂಥವರಿಗೆ ಬರೆದವನು ತನ್ನ ಬರಹವನ್ನು ಎಚ್ಚರಿಕೆಯ ಮಾತೆಂದು ಕರೆಯುತ್ತಾನೆ (13:22). ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಪೌಲನನ್ನು ಪ್ರಸಂಗ ಮಾಡಲು ಕರೆದಾಗ ಅಲ್ಲಿನ ಅಧ್ಯಕ್ಷರು ಬಳಸಿದ್ದೂ ಇದೇ ಮಾತನ್ನು. ಆದ್ದರಿಂದ ಇದನ್ನು ಪತ್ರವೆನ್ನುವುದಕ್ಕಿಂತ, ಕೇಳುಗರನ್ನು ಹತ್ತಿರದಿಂದ ಬಲ್ಲ ಬೋಧಕನೊಬ್ಬ ತಾನು ಬರಲಾಗದ ಕಾರಣ ಬರೆದು ಕಳಿಸಿದ ಪ್ರಸಂಗವೆನ್ನುವುದೇ ಸರಿ. ಮುಂದಿನ ಎಲ್ಲ ಪ್ರಶ್ನೆಗಳಿಗೂ ನಾನು ಇಲ್ಲಿಂದಲೇ ಉತ್ತರ ಹುಡುಕುತ್ತೇನೆ. ಈ ದಣಿದ ಜನರನ್ನು ಮರೆತು ಓದಿದರೆ ಪತ್ರಿಕೆಯ ಒಂದೊಂದು ವಚನವೂ ಬಿಡಿಯಾಗಿ ನಿಂತು ಹೆದರಿಸತೊಡಗುತ್ತದೆ.

ಪ್ರಶ್ನೆ: ಆಗ ಯೆರೂಸಲೇಮಿನಲ್ಲಿ ದೇವಾಲಯ ಇತ್ತಲ್ಲವೇ? ಲೇಖಕ ಅದನ್ನು ಬಿಟ್ಟು ಮೋಶೆಯ ಕಾಲದ ಗುಡಾರದ ಬಗ್ಗೆ ಏಕೆ ಬರೆಯುತ್ತಾನೆ? ಒಂಬತ್ತನೆಯ ಅಧ್ಯಾಯ ಎಷ್ಟು ಸಲ ಓದಿದರೂ ತಿಳಿಯುತ್ತಿಲ್ಲ.
— ಓದುಗರೊಬ್ಬರು, ಭಾಲ್ಕಿ

ಉತ್ತರ: ಒಂಬತ್ತನೆಯ ಅಧ್ಯಾಯವನ್ನು ಅಷ್ಟಕ್ಕೇ ಬದಿಗಿಟ್ಟು, ಮೊದಲು ಯಾಜಕಕಾಂಡದ 16ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಅದು ವರ್ಷಕ್ಕೊಮ್ಮೆ, ಏಳನೆಯ ತಿಂಗಳ ಹತ್ತನೆಯ ದಿನ, ಜನರೆಲ್ಲ ಉಪವಾಸವಿರುವಾಗ ನಡೆಯುತ್ತಿದ್ದ ದೋಷಪರಿಹಾರಕ ದಿನದ ವಿಧಿ. ಮಹಾಯಾಜಕನು ಆ ದಿನ ತನ್ನ ಬೆಡಗಿನ ಉಡುಪನ್ನು ಕಳಚಿಟ್ಟು, ಸ್ನಾನ ಮಾಡಿ, ಸಾದಾ ನಾರಿನ ಬಟ್ಟೆ ಉಟ್ಟುಕೊಳ್ಳುತ್ತಿದ್ದನು. ಮೊದಲು ತನ್ನ ಮತ್ತು ತನ್ನ ಮನೆತನದ ಪಾಪಕ್ಕಾಗಿ ಹೋರಿಯನ್ನು ವಧಿಸಬೇಕು. ಬಳಿಕ ಧೂಪಾರತಿಯಲ್ಲಿ ಕೆಂಡ ತುಂಬಿ, ಎರಡು ಬೊಗಸೆ ನುಣ್ಣನೆಯ ಧೂಪದ ಪುಡಿ ಹಿಡಿದು, ಗುಡಾರದಲ್ಲಿ, ಅಂದರೆ ಅರಣ್ಯದಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನೆಯ ಡೇರೆಯಲ್ಲಿ, ಮಹಾಪವಿತ್ರಸ್ಥಾನವೆಂಬ ಒಳಕೋಣೆಯನ್ನು ಮರೆಮಾಡಿದ್ದ ತೆರೆಯ ಒಳಗೆ ಹೋಗಬೇಕು. ಒಳಗೆ ಧೂಪವನ್ನು ಕೆಂಡದ ಮೇಲೆ ಸುರಿದಾಗ ಏಳುವ ಹೊಗೆ ಕೃಪಾಸನವನ್ನು, ಅಂದರೆ ಒಡಂಬಡಿಕೆಯ ಮಂಜೂಷವೆಂಬ ಪವಿತ್ರ ಪೆಟ್ಟಿಗೆಯ ಮುಚ್ಚಳವನ್ನು, ಮರೆಮಾಡಬೇಕು, ಇಲ್ಲವಾದರೆ ಅವನು ಸಾಯುವನು ಎಂದು ಶಾಸ್ತ್ರ ಎಚ್ಚರಿಸುತ್ತದೆ. ಬೆರಳಿನಿಂದ ರಕ್ತವನ್ನು ಕೃಪಾಸನದ ಮುಂದೆ ಏಳು ಸಾರಿ ಚಿಮುಕಿಸಬೇಕು. ಜನರಿಗಾಗಿ ವಧಿಸಿದ ಹೋತದ ರಕ್ತದಿಂದಲೂ ಹಾಗೆಯೇ ಮಾಡಬೇಕು. ಅಷ್ಟು ಹೊತ್ತೂ ಗುಡಾರದಲ್ಲಿ ಬೇರೆ ಯಾರೂ ಇರಕೂಡದು. ಇನ್ನೊಂದು ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಜನರ ಅಪರಾಧಗಳನ್ನೆಲ್ಲ ಅರಿಕೆ ಮಾಡಿ ಅದನ್ನು ಅರಣ್ಯಕ್ಕೆ ಕಳಿಸಿಬಿಡಬೇಕು. ವಧಿಸಿದ ಪಶುಗಳ ದೇಹಗಳನ್ನು ಪಾಳೆಯದ ಆಚೆ ಸುಡಬೇಕು.

ಹೊರಗೆ ನಿಂತ ಜನರ ಆತಂಕವನ್ನು ಊಹಿಸಿಕೊಳ್ಳಿ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ, ಯೆಹೂದ್ಯರ ಮೌಖಿಕ ನಿಯಮಗಳ ಸಂಗ್ರಹವಾದ ಮಿಷ್ನಾ ಒಂದು ಮನಮುಟ್ಟುವ ವಿವರವನ್ನು ಉಳಿಸಿದೆ: ಮಹಾಯಾಜಕನು ಹೊರಬಂದು ಮುಂದಿನ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದನು, ಆದರೆ ಜನರು ಗಾಬರಿಯಾಗದಿರಲೆಂದು ಆ ಪ್ರಾರ್ಥನೆಯನ್ನು ಉದ್ದ ಮಾಡುತ್ತಿರಲಿಲ್ಲ. ಈಗ ಇಬ್ರಿಯರಿಗೆ 9:28ಕ್ಕೆ ಬನ್ನಿ. ಕ್ರಿಸ್ತನು ತನ್ನನ್ನು ಕಾದುಕೊಂಡಿರುವವರಿಗೆ ರಕ್ಷಣೆಯನ್ನು ತರಲು ಎರಡನೆಯ ಸಾರಿ ಕಾಣಿಸಿಕೊಳ್ಳುವನು ಎಂಬ ಮಾತು ಅಲ್ಲಿದೆ. ಒಳಗೆ ಹೋದ ಮಹಾಯಾಜಕ ಹೊರಬರುವುದನ್ನೇ ಕಾಯುತ್ತಿರುವ ಜನಸ್ತೋಮ ಈ ವಚನದ ಹಿಂದೆ ನಿಂತಿದೆ ಎಂದು ನಾನು ತಿಳಿಯುತ್ತೇನೆ. ಕರ್ತನು ಏಕೆ ಇನ್ನೂ ಬಂದಿಲ್ಲ ಎಂದು ಸೋತ ಸಭೆಗೆ, ಅವನು ಒಳಗೆ ನಿಮಗಾಗಿಯೇ ಇದ್ದಾನೆ ಎಂದು ಬೋಧಕ ಹೇಳುತ್ತಿದ್ದಾನೆ. ವರ್ಷವರ್ಷವೂ ಮಾಡಬೇಕಾಗಿದ್ದದ್ದು ಒಂದೇ ಸಾರಿ ಮುಗಿಯಿತು, ತೆರೆ ದಾಟಲು ಇನ್ನು ಒಬ್ಬನಿಗಷ್ಟೇ ಅಪ್ಪಣೆಯಲ್ಲ, ಎಲ್ಲರೂ ಧೈರ್ಯದಿಂದ ಬನ್ನಿ ಎಂಬುದು ಒಂಬತ್ತು ಮತ್ತು ಹತ್ತನೆಯ ಅಧ್ಯಾಯಗಳ ತಿರುಳು.

ದೇವಾಲಯದ ಹೆಸರು ಬರದಿರುವುದಕ್ಕೆ ಲೇಖಕ ಶಾಸ್ತ್ರದ ಪುಟವನ್ನೇ ಹಿಡಿದು ವಾದಿಸುತ್ತಿರುವುದು ಒಂದು ಕಾರಣ. ವಿಧಿಯನ್ನು ದೇವರು ಕೊಟ್ಟದ್ದು ಗುಡಾರಕ್ಕೆ. ಇನ್ನೊಂದು ಸಂಗತಿಯೂ ಇದೆ. ಬಾಬೆಲಿನವರು (ಬ್ಯಾಬಿಲೋನಿನವರು) ಮೊದಲ ದೇವಾಲಯವನ್ನು ಕೆಡವಿದ ಮೇಲೆ ಒಡಂಬಡಿಕೆಯ ಮಂಜೂಷ ಮತ್ತೆ ಸಿಗಲಿಲ್ಲ. ಯೇಸುವಿನ ಕಾಲದ ಮಹಾಪವಿತ್ರಸ್ಥಾನದಲ್ಲಿ ಮಂಜೂಷವೂ ಇರಲಿಲ್ಲ, ಕೃಪಾಸನವೂ ಇರಲಿಲ್ಲ. ರೋಮನರು ಆ ಎರಡನೆಯ ದೇವಾಲಯವನ್ನು ಸುಟ್ಟದ್ದು 70ರಲ್ಲಿ. ಲೇಖಕ ಯಾಜಕರ ಕೆಲಸವನ್ನು ಈಗಲೂ ನಡೆಯುತ್ತಿರುವಂತೆ ಹೇಳುವುದರಿಂದ ಮತ್ತು ಆ ಮಹಾನಾಶದ ಬಗ್ಗೆ ಒಂದಕ್ಷರವನ್ನೂ ಎತ್ತದಿರುವುದರಿಂದ ಪತ್ರಿಕೆ ಅದಕ್ಕಿಂತ ಮುಂಚಿನದೆಂದು ಅನೇಕರು ವಾದಿಸುತ್ತಾರೆ. ವಾದ ಬಲವಾದದ್ದೇ, ಆದರೆ ದೇವಾಲಯ ಹೋದ ಮೇಲೂ ಯೆಹೂದ್ಯ ಬರಹಗಾರರು ಅಲ್ಲಿನ ಸೇವೆಯನ್ನು ವರ್ತಮಾನದಲ್ಲೇ ವರ್ಣಿಸಿದ್ದುಂಟು, ಆದ್ದರಿಂದ ಅದೇ ಕಡೆಯ ಮಾತಲ್ಲ.

ಪ್ರಶ್ನೆ: ಮೆಲ್ಕಿಜೆದೇಕನಿಗೆ ತಂದೆ ಇಲ್ಲ, ತಾಯಿ ಇಲ್ಲ, ವಂಶಾವಳಿ ಇಲ್ಲ ಎಂದು ಏಳನೆಯ ಅಧ್ಯಾಯದಲ್ಲಿದೆ. ಅವನು ಮನುಷ್ಯನೋ ದೇವದೂತನೋ?
— ಓದುಗರೊಬ್ಬರು, ಚಿತ್ತಾಪುರ

ಉತ್ತರ: ಮನುಷ್ಯನೇ. ಆದಿಕಾಂಡ 14ರಲ್ಲಿ ಯುದ್ಧ ಗೆದ್ದು ಬರುತ್ತಿರುವ ಅಬ್ರಾಮನಿಗೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದು ಆಶೀರ್ವದಿಸಿ ದಶಮಾಂಶವನ್ನು ಪಡೆಯುವ ಸಾಲೇಮಿನ ಅರಸ ಅವನು. ಮೂರು ವಚನಗಳಲ್ಲಿ ಬಂದು ಹೋಗುತ್ತಾನೆ. ಯಾಜಕತ್ವ ರಕ್ತಸಂಬಂಧದಿಂದಲೇ ಬರುತ್ತಿದ್ದ ಸಮಾಜದಲ್ಲಿ ವಂಶಾವಳಿಯೇ ಹಕ್ಕುಪತ್ರವಾಗಿತ್ತು. ನಮ್ಮಲ್ಲಿ ಪೌತಿ ಖಾತೆಗೆ ವಂಶವೃಕ್ಷ ಕೇಳುವ ಹಾಗೆ ಅಲ್ಲಿ ಯಾಜಕನಾಗಲು ಲೇವಿ ಕುಲದ ಆರೋನನ ಸಂತತಿಯೆಂಬ ದಾಖಲೆ ಬೇಕಿತ್ತು. ಬಾಬೆಲಿನಿಂದ ಮರಳಿದ ಕೆಲವು ಮನೆತನಗಳ ಹೆಸರು ಪಟ್ಟಿಯಲ್ಲಿ ಸಿಗದಿದ್ದಾಗ ಅವರನ್ನು ಯಾಜಕ ಕೆಲಸದಿಂದ ತೆಗೆದರೆಂದು ಎಜ್ರನ ಗ್ರಂಥ ಹೇಳುತ್ತದೆ. ಯೇಸು ಹುಟ್ಟಿದ್ದು ಯೂದ ಕುಲದಲ್ಲಿ, ಲೇವಿ ಕುಲದಲ್ಲಲ್ಲ. ಹಾಗಿದ್ದರೆ ಅವನು ಮಹಾಯಾಜಕನಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಯೆಹೂದ್ಯ ಕೇಳುಗ ಕೇಳದೆ ಇರುತ್ತಿರಲಿಲ್ಲ. ವಂಶದ ಆಧಾರವಿಲ್ಲದೆ ಯಾಜಕನೆನಿಸಿಕೊಂಡ ಒಬ್ಬನನ್ನು ನಿಮ್ಮ ಶಾಸ್ತ್ರವೇ ತೋರಿಸುತ್ತದೆ, ಅಬ್ರಹಾಮನೇ ಅವನಿಗೆ ತಲೆಬಾಗಿದನು, ಮತ್ತು 110ನೆಯ ಕೀರ್ತನೆ ಬರಲಿರುವ ಅರಸನನ್ನು ಅವನ ತರಹದ ಯಾಜಕನೆಂದು ಕರೆಯುತ್ತದೆ ಎಂದು ಲೇಖಕ ಉತ್ತರಿಸುತ್ತಾನೆ. ತಂದೆತಾಯಿ ಇಲ್ಲವೆಂದರೆ ಆದಿಕಾಂಡದ ಕಥನದಲ್ಲಿ ಅವರ ಉಲ್ಲೇಖವಿಲ್ಲವೆಂದು ತಿಳಿಯಬೇಕು. ಮೃತ ಸಮುದ್ರದ ಬಳಿಯ ಕುಮ್ರಾನಿನ 11ನೆಯ ಗುಹೆಯಲ್ಲಿ 1956ರಲ್ಲಿ ಸಿಕ್ಕ ಸುರುಳಿಗಳ ಪೈಕಿ ಒಂದರಲ್ಲಿ ಮೆಲ್ಕಿಜೆದೇಕನು ಪರಲೋಕದ ವಿಮೋಚಕನಂತೆ ಬರುತ್ತಾನೆಂಬುದು ನಿಜ. ಆ ಕಾಲದವರು ಅವನ ಬಗ್ಗೆ ಬಹಳ ಕಲ್ಪಿಸಿಕೊಳ್ಳುತ್ತಿದ್ದರೆಂದು ಅದರಿಂದ ಗೊತ್ತಾಗುತ್ತದೆ. ನಮ್ಮ ಲೇಖಕ ಅಷ್ಟು ದೂರ ಹೋಗುವುದಿಲ್ಲ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಶರಣ ಪರಂಪರೆಯ ಮನೆಯವನು. ಗೆಳೆಯರೊಬ್ಬರು ಈ ಪತ್ರಿಕೆಯನ್ನು ಓದಲು ಕೊಟ್ಟರು. ಕಟ್ಟಡದ ಗುಡಿಯನ್ನು ಬಿಟ್ಟು ಚಲಿಸುವ ಗುಡಾರವನ್ನು ಹಿಡಿದಿರುವುದು ಬಸವಣ್ಣನವರ ಸ್ಥಾವರ–ಜಂಗಮದ ಮಾತಿಗೆ ಹತ್ತಿರವಾಗಿ ಕಂಡಿತು. ಹಾಗೆ ಓದಬಹುದೇ?
— ಓದುಗರೊಬ್ಬರು, ಬಸವಕಲ್ಯಾಣ

ಉತ್ತರ: ಕಲ್ಯಾಣದ ನೆಲದಲ್ಲಿ ಬೆಳೆದವರಿಗೆ ಆ ನೆನಪು ಬಾರದಿದ್ದರೇ ಆಶ್ಚರ್ಯ. ಆದರೆ ಎರಡನ್ನೂ ಗೌರವಿಸಬೇಕಾದರೆ ಎರಡರ ನಡುವಿನ ಅಂತರವನ್ನೂ ಕಾಣಬೇಕು. ಬಸವಣ್ಣನವರು ದೇಹವನ್ನೇ ದೇಗುಲವೆಂದರು. ಈ ಪತ್ರಿಕೆಯ ಗುಡಾರ ದೇಹದ ರೂಪಕವಲ್ಲ. ಬೆಟ್ಟದಲ್ಲಿ ಮೋಶೆಗೆ ತೋರಿಸಿದ ಮಾದರಿಯಂತೆ ಮಾಡಿದ ಆ ಗುಡಾರ ಪರಲೋಕದ ನಿಜಸ್ಥಾನದ ಛಾಯೆ ಎಂದು ಎಂಟನೆಯ ಅಧ್ಯಾಯ ಹೇಳುತ್ತದೆ. ಅಲ್ಲದೆ ಇಡೀ ವಾದ ಇತಿಹಾಸದಲ್ಲಿ ಒಂದೇ ಸಾರಿ ನಡೆದ ಒಂದು ಮರಣದ ಮೇಲೆ ನಿಂತಿದೆ. ಅದನ್ನು ತೆಗೆದರೆ ಪತ್ರಿಕೆಯಲ್ಲಿ ಉಳಿಯುವುದು ಏನೂ ಇಲ್ಲ. ಇಷ್ಟನ್ನು ಹೇಳಿದ ಮೇಲೆ, ನೀವು ಕಂಡ ಹತ್ತಿರ ಬೇರೆ ಕಡೆ ಇನ್ನೂ ಸ್ಪಷ್ಟವಾಗಿದೆ ಎನ್ನಲು ನನಗೆ ಸಂತೋಷ. 13:16ರಲ್ಲಿ ಉಪಕಾರ ಮಾಡುವುದನ್ನೂ ಇದ್ದದ್ದನ್ನು ಹಂಚಿಕೊಳ್ಳುವುದನ್ನೂ ದೇವರು ಮೆಚ್ಚುವ ಯಜ್ಞಗಳೆಂದು ಕರೆದಿದೆ. ಬಲಿಪೀಠದ ಬಗ್ಗೆ ಅಷ್ಟು ಅಧ್ಯಾಯಗಳನ್ನು ಬರೆದವನು ಕಡೆಯಲ್ಲಿ ವಿಶ್ವಾಸಿಯ ಕೈಗೆ ಕೊಟ್ಟ ಯಜ್ಞ ಅದು. ದಾಸೋಹವನ್ನು ಬಲ್ಲ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕುಟುಂಬದ ಹುಡುಗನೊಬ್ಬ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ, ಕುಡಿತಕ್ಕೆ ಬಿದ್ದು, ಸಭೆಯನ್ನೂ ವಿಶ್ವಾಸವನ್ನೂ ಬಿಟ್ಟಿದ್ದ. ಈಗ ಅಳುತ್ತಾ ಮರಳಿ ಬಂದಿದ್ದಾನೆ. ಸಭೆಯಲ್ಲಿ ಒಬ್ಬರು ಇಬ್ರಿಯರಿಗೆ 6:4–6 ಓದಿ, ಒಮ್ಮೆ ಬೆಳಕನ್ನು ಕಂಡು ಬಿದ್ದುಹೋದವರನ್ನು ಮಾನಸಾಂತರಕ್ಕೆ (ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗುವುದಕ್ಕೆ) ತರುವುದು ಅಸಾಧ್ಯವೆಂದು ವಚನವೇ ಹೇಳುತ್ತದೆ ಎಂದರು. ಅಂದಿನಿಂದ ಅವನು ಊಟ ಸಹ ಸರಿಯಾಗಿ ಮಾಡುತ್ತಿಲ್ಲ.
— ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಆ ಹುಡುಗನಿಗೆ ಇಷ್ಟನ್ನು ತಿಳಿಸಿ: ಈ ವಚನ ಅವನನ್ನು ಕುರಿತದ್ದಲ್ಲ. ಮಾನಸಾಂತರಕ್ಕೆ ತರಲಾಗದವರನ್ನು ಕುರಿತು ಅದು ಮಾತನಾಡುತ್ತದೆ, ಅವನಾದರೋ ಮಾನಸಾಂತರಪಟ್ಟು ಅಳುತ್ತಿದ್ದಾನೆ. ಅವನ ಆ ಕಣ್ಣೀರೇ ಸಾಕ್ಷಿ.

ವಚನದ ಗಾಂಭೀರ್ಯವನ್ನು ನಾನು ಕಡಿಮೆ ಮಾಡಬಯಸುವುದಿಲ್ಲ. ಪರಲೋಕದ ದಾನವನ್ನು ರುಚಿನೋಡಿ, ಪವಿತ್ರಾತ್ಮನಲ್ಲಿ ಪಾಲುಹೊಂದಿ, ಆಮೇಲೆ ದೇವರ ಮಗನನ್ನು ಮತ್ತೆ ಶಿಲುಬೆಗೆ ಹಾಕಿ ಬಹಿರಂಗವಾಗಿ ಅವಮಾನಪಡಿಸುವವರು ಎಂದು ಅದರ ವರ್ಣನೆ. ದೌರ್ಬಲ್ಯದಿಂದ ಮುಗ್ಗರಿಸಿದವರು ಈ ವರ್ಣನೆಗೆ ಒಳಪಡುವುದಿಲ್ಲ. ಯೇಸು ಶಾಪಗ್ರಸ್ತನೆಂದು ಎಲ್ಲರೆದುರು ಸಾರಿ, ತಿಳಿದೂ ತಿಳಿದೂ ಅವನನ್ನು ತೊರೆದು ನಿಲ್ಲುವ ಸ್ಥಿತಿ ಅದು. ಅಂಥ ಅಂಚಿಗೆ ಸಭೆ ಸರಿಯುತ್ತಿದೆಯೆಂದು ಕಂಡ ಬೋಧಕ, ಅವರು ಬೀಳುವ ಮುಂಚೆ ಕೂಗಿ ಎಚ್ಚರಿಸುತ್ತಾನೆ. ಮೂರೇ ವಚನಗಳ ನಂತರ ಅವನ ದನಿ ಬದಲಾಗುತ್ತದೆ: ಪ್ರಿಯರೇ, ಹೀಗೆ ಮಾತನಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಉತ್ತಮವಾದದ್ದನ್ನೇ ನಂಬಿದ್ದೇವೆ, ನೀವು ದೇವಜನರಿಗೆ ಮಾಡಿದ ಉಪಚಾರವನ್ನು ಮರೆಯಲು ದೇವರು ಅನ್ಯಾಯಸ್ಥನಲ್ಲ. ಆರನೆಯ ವಚನವನ್ನು ಓದಿ ಪುಸ್ತಕ ಮುಚ್ಚಿ, ಒಂಬತ್ತು ಮತ್ತು ಹತ್ತನೆಯ ವಚನಗಳನ್ನು ಓದದೆ ಬಿಟ್ಟವರು ಆ ಹುಡುಗನಿಗೆ ದೊಡ್ಡ ಅನ್ಯಾಯ ಮಾಡಿದ್ದಾರೆ.

ಸಭೆಯ ಚರಿತ್ರೆಯಲ್ಲಿ ಇದು ಹೊಸ ಜಗಳವಲ್ಲ. 250ರಲ್ಲಿ ಚಕ್ರವರ್ತಿ ಡೇಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಮಾಡಿದಾಗ ಹೆದರಿ ಅರ್ಪಿಸಿದ ಕ್ರೈಸ್ತರು ಬಹಳ ಮಂದಿ ಇದ್ದರು. ಹಿಂಸೆ ತಗ್ಗಿದ ಮೇಲೆ ಅವರು ಅಳುತ್ತಾ ಮರಳಿ ಬಂದಾಗ, ರೋಮಿನ ಸಭೆಯ ನಾಯಕ ನೊವೇಷಿಯನ್ ಅವರನ್ನು ಸೇರಿಸಿಕೊಳ್ಳಲೇಬಾರದು ಎಂದನು. ರೋಮಿನ ಬಿಷಪ್ ಕೊರ್ನೇಲಿಯಸ್ ಮತ್ತು ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಪಶ್ಚಾತ್ತಾಪದ ಕಾಲವನ್ನು ಕಳೆದ ಬಳಿಕ ಸೇರಿಸಿಕೊಳ್ಳಬೇಕು ಎಂದರು. ಸಭೆ ಅವರಿಬ್ಬರ ಮಾತನ್ನೇ ಹಿಡಿಯಿತು. ನೊವೇಷಿಯನನ ಅನುಯಾಯಿಗಳು ಮುಂದೆಯೂ ಈ ವಚನಗಳನ್ನೇ ಎತ್ತಿ ತೋರಿಸುತ್ತಿದ್ದಾಗ, ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ಅವರಿಗೆ ಉತ್ತರವಾಗಿ, ಇಲ್ಲಿ ನಿಷೇಧವಾಗಿರುವುದು ಎರಡನೆಯ ದೀಕ್ಷಾಸ್ನಾನವೇ ಹೊರತು ಮಾನಸಾಂತರವಲ್ಲ, ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯ ಎಂದು ಬರೆದನು. ದೀಕ್ಷಾಸ್ನಾನದ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಬಾಗಿಲು ತೆರೆದಿಟ್ಟ ಅವನ ಹೃದಯ ಸರಿಯಾದ ಕಡೆಗೇ ಇತ್ತು.

ನಮ್ಮ ಭಾಗದಲ್ಲಿ ಮೆಥೊಡಿಸ್ಟ್ ಸಭೆಗಳೇ ಹೆಚ್ಚಾಗಿರುವುದರಿಂದ ಆ ಪರಂಪರೆಯ ಸ್ಥಾಪಕ ಜಾನ್ ವೆಸ್ಲಿಯವರ ಮಾತನ್ನೂ ಹೇಳುತ್ತೇನೆ. ನಿಜವಾದ ವಿಶ್ವಾಸಿಯೂ ಬೀಳಬಹುದೆಂದು ಅವರು ದೃಢವಾಗಿ ಬೋಧಿಸಿದರು. ಆದರೂ ಹಿಂಜಾರಿದವರಿಗಾಗಿಯೇ ಬರೆದ ಪ್ರಸಂಗವೊಂದರಲ್ಲಿ ಇದೇ ವಚನಗಳನ್ನು ಎತ್ತಿಕೊಂಡು, ಇವು ಯೇಸುವನ್ನು ಬಹಿರಂಗವಾಗಿ ಧಿಕ್ಕರಿಸಿದವರಿಗೆ ಅನ್ವಯಿಸುತ್ತವೆಯೇ ಹೊರತು ಸಾಮಾನ್ಯವಾಗಿ ಹಿಂಜಾರಿದವರಿಗಲ್ಲ, ಬಿದ್ದವರು ಮತ್ತೆ ಎದ್ದದ್ದನ್ನು ತಾವು ಬಹಳವಾಗಿ ಕಂಡಿದ್ದೇವೆ ಎಂದು ಬರೆದರು. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಾರಿ ಕರ್ತನನ್ನು ಅರಿಯೆನೆಂದನು. ಅದೇ ಪೇತ್ರನಿಗೆ ತನ್ನ ಕುರಿಗಳನ್ನು ಮೇಯಿಸಲು ಕರ್ತನು ಹೇಳಿದನು.

12:17ರಲ್ಲಿ ಏಸಾವನು ಕಣ್ಣೀರಿಟ್ಟರೂ ಅವಕಾಶ ಸಿಗಲಿಲ್ಲವೆಂಬುದನ್ನೂ ಯಾರಾದರೂ ಆ ಹುಡುಗನ ಮುಂದೆ ಓದಬಹುದು. ಆದಿಕಾಂಡ 27ನ್ನು ತೆರೆದು ತೋರಿಸಿ. ಏಸಾವನು ಅಲ್ಲಿ ಅತ್ತದ್ದು ಕೈತಪ್ಪಿದ ಆಶೀರ್ವಾದಕ್ಕಾಗಿ. ಚೊಚ್ಚಲತನವನ್ನು ಒಂದು ಊಟಕ್ಕೆ ಮಾರಿದ್ದಕ್ಕಾಗಿ ಅವನು ದೇವರ ಮುಂದೆ ಅತ್ತನೆಂದು ಅಲ್ಲಿ ಒಂದು ಮಾತೂ ಇಲ್ಲ. ಮತ್ತು ಆ ಹುಡುಗನ ಜೊತೆ ಕೂತು ಓದಬೇಕಾದ ವಚನ 4:15. ನಮ್ಮ ಬಲಹೀನತೆಗಳಲ್ಲಿ ಅನುತಾಪಪಡಬಲ್ಲ ಮಹಾಯಾಜಕ ನಮಗಿದ್ದಾನೆಂದು ಅದು ಹೇಳುತ್ತದೆ. ಆತನೂ ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸಿ ಪ್ರಾರ್ಥಿಸಿದನೆಂದು 5:7ರಲ್ಲಿದೆ. ಕುಡಿತಕ್ಕೆ ವೈದ್ಯರ ನೆರವು ಬೇಕಾದರೆ ಅದನ್ನೂ ಕೊಡಿಸಿ. ಚಿಕಿತ್ಸೆ ಪಡೆಯುವುದು ವಿಶ್ವಾಸದ ಕೊರತೆಯಲ್ಲ. ಊಟದ ವಿಷಯದಲ್ಲಿ ತಡಮಾಡಬೇಡಿ.

ಪ್ರಶ್ನೆ: ಹಳೆಯ ಒಡಂಬಡಿಕೆ ಜೀರ್ಣವಾಯಿತು ಎಂದು 8:13 ಹೇಳುತ್ತದೆ. ದೇವರು ಯೆಹೂದ್ಯರನ್ನು ಕೈಬಿಟ್ಟನೆಂದು ಇದರರ್ಥವೇ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಅಲ್ಲ. ನಮ್ಮ ಭಾಗದ ಬಹುಪಾಲು ಜನ ಯೆಹೂದ್ಯರೊಬ್ಬರನ್ನೂ ಕಂಡವರಲ್ಲ; ಹಾಗಿದ್ದರೂ ಅವರ ಬಗ್ಗೆ ಪ್ರಸಂಗಪೀಠದಿಂದ ಕಟುವಾದ ಮಾತು ಬರುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಎಂಟನೆಯ ಅಧ್ಯಾಯ ಯೆರೆಮೀಯ 31ರಿಂದ ಎತ್ತಿಕೊಂಡಿರುವ ಭಾಗ ಹೊಸ ಒಡಂಬಡಿಕೆಯೆಂಬ ಗ್ರಂಥದಲ್ಲೇ ಅತ್ಯಂತ ದೀರ್ಘವಾದ ಉದ್ಧರಣೆ. ಅಲ್ಲಿ ಹೊಸ ಒಡಂಬಡಿಕೆಯ ವಾಗ್ದಾನ ಯಾರಿಗೆ? ಇಸ್ರಾಯೇಲ್ ಮನೆತನಕ್ಕೂ ಯೆಹೂದ ಮನೆತನಕ್ಕೂ. ಲೇಖಕ ಇಡೀ ಪತ್ರಿಕೆಯಲ್ಲಿ ಯೆಹೂದ್ಯರು ಮತ್ತು ಅನ್ಯಜನರು ಎಂದು ಎರಡು ಪಾಳೆಯಗಳನ್ನು ಎದುರುಬದುರು ನಿಲ್ಲಿಸುವುದಿಲ್ಲ, ಯೇಸುವಿನ ಮರಣದ ದೋಷವನ್ನು ಯೆಹೂದ್ಯರ ಮೇಲೆ ಹೊರಿಸುವುದೂ ಇಲ್ಲ. ಹನ್ನೊಂದನೆಯ ಅಧ್ಯಾಯದ ನಂಬಿಕೆಯ ವೀರರಲ್ಲಿ ಅಬ್ರಹಾಮ, ಸಾರ, ಮೋಶೆಯರೇ ಮುಂದಿದ್ದಾರೆ; ನಾವಿಲ್ಲದೆ ಅವರು ಪೂರ್ಣರಾಗಬಾರದೆಂದು ದೇವರು ಕಾದಿಟ್ಟನು ಎಂದು ಆ ಅಧ್ಯಾಯ ಮುಗಿಯುತ್ತದೆ. ಇದು ಒಂದೇ ಮನೆಯೊಳಗಿನ ವಾದ. ಅದೇ ವಚನಗಳನ್ನು ಯೂರೋಪಿನ ಕ್ರೈಸ್ತರು ಶತಮಾನಗಳ ಕಾಲ ಹೊರಗಿನಿಂದ, ಬಲವಿಲ್ಲದ ಜನರ ಮೇಲೆ ಎಸೆದರು. ಆ ಪಾಪದಲ್ಲಿ ನಾವು ಪಾಲುಗಾರರಾಗಬೇಕಿಲ್ಲ. ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು ಕೇಳಿ ಎಂದಿಗೂ ಇಲ್ಲವೆಂದು ಪೌಲನು ಉತ್ತರಿಸಿದ್ದು ರೋಮಾಪುರದವರಿಗೆ 11ರಲ್ಲಿದೆ, ಅದನ್ನು ಇದರ ಜೊತೆಗೇ ಓದಿ.

ಪ್ರಶ್ನೆ: ಹೊಸದಾಗಿ ಓದುವವರು ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಔರಾದ್

ಉತ್ತರ: ಕೊನೆಯ ಅಧ್ಯಾಯದಿಂದ. ಅಪರಿಚಿತರನ್ನು ಸತ್ಕರಿಸಿರಿ, ಸೆರೆಯಲ್ಲಿರುವವರನ್ನು ಜ್ಞಾಪಿಸಿಕೊಳ್ಳಿರಿ, ಹಣದಾಶೆ ಬೇಡ, ನಮಗಾಗಿ ಪ್ರಾರ್ಥಿಸಿರಿ ಎಂಬ ಮಾತುಗಳಿಂದ ಬೋಧಕನ ಮತ್ತು ಕೇಳುಗರ ಪರಿಚಯವಾಗುತ್ತದೆ. ಬಳಿಕ 10:19ರಿಂದ 12:13ರವರೆಗೆ ಓದಿ, ಆಮೇಲೆ ಯಾಜಕಕಾಂಡ 16, ಅರಣ್ಯಕಾಂಡ 13 ಮತ್ತು 14, ಕೀರ್ತನೆ 95 ಮತ್ತು 110, ಯೆರೆಮೀಯ 31 ಇವಿಷ್ಟನ್ನು ಮುಗಿಸಿ ಮೊದಲ ಅಧ್ಯಾಯಕ್ಕೆ ಬನ್ನಿ. 13 ಅಧ್ಯಾಯಗಳನ್ನು ಗಟ್ಟಿಯಾಗಿ ಓದಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಸಾಧ್ಯವಾದರೆ ನಿಮ್ಮ ಗೃಹಪ್ರಾರ್ಥನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳಿ, ಏಕೆಂದರೆ ಮೊದಲ ಸಭೆಯವರೂ ಇದನ್ನು ಹಾಗೆಯೇ, ಕಿವಿಯಿಂದಲೇ ಪಡೆದರು.